ಗುರಿ ತಪ್ಪದ ಬಾಣ, ಹಿಟ್ಟಿನ ಕೋಳಿ: ಸಾಹಿತ್ಯದಲ್ಲಿ ಮರಣದಂಡನೆ

ಈ ಸಲದ ಓದಿಗೆ ನಮ್ಮ ಬಳಗ ಆರಿಸಿಕೊಂಡದ್ದು ಹಿತವಾದ ವಿಷಯವೇನಲ್ಲ. ಮರಣದಂಡನೆ ಇರಬೇಕೆ ಬೇಡವೆ ಎಂಬ ಮಾತು ನಾಲ್ಕು ಜನ ಊಟಕ್ಕೆ ಕೂತಲ್ಲಿ ಬಂತೆಂದರೆ ಹುಳಿ ಆರುವ ಮೊದಲೇ ದನಿ ಏರಿರುತ್ತದೆ. ಒಬ್ಬರು ಯಾವುದೋ ಘೋರ ಅಪರಾಧವನ್ನು ನೆನಪಿಸಿ 'ಅಂಥವನಿಗೂ ಬೇಡವೆ?' ಎನ್ನುತ್ತಾರೆ. ಇನ್ನೊಬ್ಬರು ಗಾಂಧೀಜಿಯ ಹೆಸರು ಹೇಳುತ್ತಾರೆ. ಮೂರನೆಯವರು ಮಾತು ಬದಲಿಸುತ್ತಾರೆ. ಟಿ.ವಿ. ಚರ್ಚೆಗಳನ್ನು ಬದಿಗಿಟ್ಟು, ನಮ್ಮ ಸಾಹಿತ್ಯ ಈ ಬಗ್ಗೆ ಏನು ಕಂಡಿದೆ ಎಂದು ನೋಡಿದರೆ ಹೇಗೆ ಎಂಬ ಕುತೂಹಲದಿಂದ ಕೆಲವು ಕೃತಿಗಳನ್ನು ಮತ್ತೆ ಕೈಗೆತ್ತಿಕೊಂಡೆವು. ಹಾಗೆ ಓದಿದಾಗ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಇನ್ನೊಂದು ಕಾರಣವೂ ಇದೆ. ನಾವಿರುವ ಕ್ಯಾಲಿಫೋರ್ನಿಯಾದಲ್ಲಿ ಮರಣದಂಡನೆ ಕಾನೂನಿನ ಪುಸ್ತಕದಲ್ಲಿ ಉಳಿದಿದೆ, ಆದರೆ 2006ರ ಜನವರಿಯ ನಂತರ ಜಾರಿಯಾಗಿಲ್ಲ. 2016ರ ನವೆಂಬರಿನಲ್ಲಿ ಅದನ್ನು ರದ್ದು ಮಾಡುವ ಪ್ರಸ್ತಾಪವನ್ನು ಮತದಾರರು ತಿರಸ್ಕರಿಸಿದರು, ಬೇಗ ಜಾರಿ ಮಾಡಬೇಕೆಂಬ ಪ್ರಸ್ತಾಪವನ್ನು ಒಪ್ಪಿದರು. 2019ರ ಮಾರ್ಚಿನಲ್ಲಿ ಗವರ್ನರ್ ನ್ಯೂಸಮ್ ಅದಕ್ಕೆ ತಡೆ ಹಾಕಿದರು. ನಮ್ಮಲ್ಲಿ ಪೌರತ್ವ ಪಡೆದವರಿಗೆ ಜ್ಯೂರಿ ಕರೆ ಬರುತ್ತದೆ. ಮರಣದಂಡನೆಯ ಸಾಧ್ಯತೆ ಇರುವ ಮೊಕದ್ದಮೆಯಾದರೆ, ಆ ಶಿಕ್ಷೆ ಕೊಡಲು ನಿಮ್ಮ ಮನಸ್ಸು ಒಪ್ಪುತ್ತದೆಯೇ ಎಂದು ಕೇಳುತ್ತಾರೆ. ಸುಪ್ರೀಂ ಕೋರ್ಟಿನ 1968ರ ವಿದರ್‌ಸ್ಪೂನ್ ತೀರ್ಪಿನ ಪ್ರಕಾರ, ಮನಸ್ಸಿನಲ್ಲಿ ಅಳುಕಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಕೈಬಿಡುವಂತಿಲ್ಲ. ಆದರೆ ಏನೇ ಆದರೂ ಕೊಡಲಾರೆ ಎಂದವರನ್ನು ಮನೆಗೆ ಕಳಿಸಬಹುದು. ಭಾರತದಲ್ಲಿ 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ಅಲ್ಲಿ ನ್ಯಾಯಾಧೀಶರ ಪಾಲಿಗೆ ಬಿಟ್ಟಿದ್ದ ಪ್ರಶ್ನೆ ಇಲ್ಲಿ ನಮ್ಮ ಮುಂದೆಯೇ ಬಂದು ನಿಲ್ಲಬಹುದು. ಹೌದು ಅಥವಾ ಇಲ್ಲ ಎನ್ನಬೇಕಾಗುತ್ತದೆ.

ಮೊದಲು ಪದದಿಂದಲೇ ತೊಡಗೋಣ. ಕನ್ನಡದಲ್ಲಿ ಕೈಯಲ್ಲಿ ಹಿಡಿಯುವ ಕೋಲೂ ದಂಡ, ಲೈಬ್ರರಿ ಪುಸ್ತಕ ತಡವಾದರೆ ಕಟ್ಟುವುದೂ ದಂಡ. ಪಟ್ಟ ಶ್ರಮ ವ್ಯರ್ಥವಾದರೆ 'ಎಲ್ಲಾ ದಂಡ ಆಯ್ತು' ಎಂದು ನಿಟ್ಟುಸಿರು ಬಿಡುತ್ತೇವೆ. 'ತಲೆದಂಡ' ಎಂಬುದಂತೂ ಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟಾಗ ಪತ್ರಿಕೆಗಳು ಹಾಕುವ ತಲೆಬರಹವಾಗಿಬಿಟ್ಟಿದೆ. ಗಿರೀಶ ಕಾರ್ನಾಡರು 1990ರಲ್ಲಿ ತಮ್ಮ ನಾಟಕಕ್ಕೆ ಆ ಹೆಸರಿಟ್ಟಾಗ, ಸವೆದುಹೋಗಿದ್ದ ಪದದಲ್ಲಿ ಹಳೆಯ ರಕ್ತ ಮತ್ತೆ ಕಾಣಿಸಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳಿಗೂ ಮದುವೆಯಾಯಿತು. ಆ ತಂದೆಯರಿಬ್ಬರಿಗೆ ಕ್ರೂರ ಮರಣದಂಡನೆ ಆಯಿತು. ಅವರು ಯಾರನ್ನೂ ಕೊಂದವರಲ್ಲ, ಕದ್ದವರಲ್ಲ. ಆದರೂ ಅಂದಿನ ಅಧಿಕಾರದ ಕಣ್ಣಿಗೆ ಅದು ತಲೆ ತೆಗೆಯತಕ್ಕ ಅಪರಾಧ. ಯಾವ ತಪ್ಪಿಗೆ ಸಾವೇ ಸರಿ ಎಂಬ ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ, ಆ ಪಟ್ಟಿಯನ್ನು ಬರೆಯುವವರು ಅಧಿಕಾರದಲ್ಲಿರುವವರು. ಇದು ನಮಗೆ ಸಿಕ್ಕ ಮೊದಲ ಎಚ್ಚರಿಕೆ.

ಈ ಎಚ್ಚರಿಕೆಯ ಜೊತೆಗೆ ಓದಬೇಕಾದದ್ದು ಕುವೆಂಪು ಅವರ 'ಶೂದ್ರ ತಪಸ್ವಿ' (1944). ಈ ನಾಟಕವನ್ನು ಎಲ್ಲರೂ ಜಾತಿಯ ಪ್ರಶ್ನೆಯಾಗಿ ಓದುತ್ತಾರೆ, ಓದಬೇಕಾದದ್ದೂ ಹಾಗೆಯೇ. ಆದರೆ ಇದನ್ನು ಮರಣದಂಡನೆಯ ನಾಟಕವಾಗಿಯೂ ಓದಬಹುದು ಎಂದು ನಮಗೆ ಅನ್ನಿಸಿತು. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಏನಾಗುತ್ತದೆ? ಮಗನನ್ನು ಕಳೆದುಕೊಂಡ ಬ್ರಾಹ್ಮಣನೊಬ್ಬ ಅರಮನೆಯ ಬಾಗಿಲಿಗೆ ಬಂದು ದೂರು ಕೊಡುತ್ತಾನೆ. ಎಲ್ಲೋ ಶೂದ್ರನೊಬ್ಬ ತಪಸ್ಸು ಮಾಡುತ್ತಿರುವುದೇ ಈ ಸಾವಿಗೆ ಕಾರಣ ಎಂದು ರಾಜನಿಗೆ ತಿಳಿಸಲಾಗುತ್ತದೆ. ರಾಮ ಹುಡುಕಿಕೊಂಡು ಹೋಗುತ್ತಾನೆ, ನೀನು ಯಾರು ಎಂದು ಶಂಬೂಕನನ್ನು ಕೇಳುತ್ತಾನೆ, ಉತ್ತರ ಬಂದೊಡನೆ ಕತ್ತಿಯಿಂದ ತಲೆ ಕತ್ತರಿಸುತ್ತಾನೆ. ದೂರು, ತನಿಖೆ, ವಿಚಾರಣೆ, ತೀರ್ಪು, ಜಾರಿ ಎಲ್ಲವೂ ಒಬ್ಬನ ಕೈಯಲ್ಲಿ, ಒಂದೇ ಗಳಿಗೆಯಲ್ಲಿ ಮುಗಿಯುತ್ತವೆ. ಕೇಳಿದ ಪ್ರಶ್ನೆಯಾದರೂ 'ನೀನು ಏನು ಮಾಡಿದೆ' ಎಂದಲ್ಲ, 'ನೀನು ಯಾರು' ಎಂದು.

ಕುವೆಂಪು ಇದನ್ನು ಹೇಗೆ ಬದಲಿಸಿದರು ಎಂಬುದು ಗೊತ್ತಿರುವ ಸಂಗತಿ. ಅವರ ರಾಮನ ಅಸ್ತ್ರ ಶಂಬೂಕನನ್ನು ಕೊಲ್ಲುವುದಿಲ್ಲ, ದೂರು ಕೊಟ್ಟ ಬ್ರಾಹ್ಮಣನ ಕಡೆಗೇ ತಿರುಗುತ್ತದೆ. ಅವನು ಕಡೆಗೆ ತನ್ನ ಕುರುಡನ್ನು ಅರಿತು ತಪಸ್ವಿಗೆ ತಲೆಬಾಗುತ್ತಾನೆ. ಪುರಾಣದ ಕಥೆಯನ್ನು ಹೀಗೆ ತಿರುಗಿಸುವುದಕ್ಕೆ ಮಾಸ್ತಿಯವರು ಆಕ್ಷೇಪ ಎತ್ತಿದರು, ಕುವೆಂಪು ಉತ್ತರ ಕೊಟ್ಟರು. ಆ ವಾದ ಕನ್ನಡ ವಿಮರ್ಶೆಯ ಚರಿತ್ರೆಗೆ ಸೇರಿಹೋಗಿದೆ. ನಮಗೆ ಕಂಡದ್ದು ಬೇರೊಂದು. ರಾಮನ ಕೈಯಿಂದ ತಪ್ಪು ಕೊಲೆಯೊಂದು ಆಗದಂತೆ ತಪ್ಪಿಸಲು ಕುವೆಂಪು ಅವರಂಥ ಕವಿಗೂ ಬೇಕಾದದ್ದು ಏನು? ತಪ್ಪಿತಸ್ಥ ಯಾರೆಂದು ತಾನೇ ಕಂಡುಕೊಂಡು ಅವನನ್ನೇ ಅಟ್ಟಿಸಿಕೊಂಡು ಹೋಗುವ ಬಾಣ! ದೂರು ಕೊಟ್ಟವನು ಸುಳ್ಳಾಡಲಿ, ರಾಜನೇ ಗೊಂದಲದಲ್ಲಿರಲಿ, ಬಾಣಕ್ಕೆ ಮಾತ್ರ ಗೊತ್ತು. ಅಲ್ಲಿಗೆ ಮುಗಿಯಲಿಲ್ಲ. ಆ ಬಾಣ ತಪ್ಪಿತಸ್ಥನಿಗೂ ಪಶ್ಚಾತ್ತಾಪಕ್ಕೆ ಸಮಯ ಕೊಡುತ್ತದೆ, ಅವನು ತಲೆಬಾಗಿದ ಮೇಲೆ ಶಾಂತವಾಗುತ್ತದೆ.

ಮರಣದಂಡನೆಯನ್ನು ಒಪ್ಪುವ ಪ್ರತಿ ವಾದದ ಹಿಂದೆಯೂ ಇಂಥದೊಂದು ಬಾಣದ ಮೇಲಿನ ನಂಬಿಕೆ ಅಡಗಿದೆ ಎಂದು ನಮಗೆ ತೋರುತ್ತದೆ. ಕೋರ್ಟುಗಳ ಬತ್ತಳಿಕೆಯಲ್ಲಿ ಅಂಥ ಅಸ್ತ್ರ ಇಲ್ಲ. ಅಲ್ಲಿರುವುದು ಪೊಲೀಸರ ಪಂಚನಾಮೆ, ಹೆದರಿದ ಸಾಕ್ಷಿ, ದುಬಾರಿ ಅಥವಾ ಅಗ್ಗದ ವಕೀಲ. ಭಾರತದಲ್ಲಿ ಮರಣದಂಡನೆಗೆ ಗುರಿಯಾದವರ ಬಗ್ಗೆ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಮುಕ್ಕಾಲು ಪಾಲು ಕೈದಿಗಳು ಆರ್ಥಿಕವಾಗಿ ದುರ್ಬಲರೆಂದು ಕಂಡುಬಂತು. ಬಾಣ ಹಾರುವ ದಿಕ್ಕಿಗೆ ಯಾವುದೋ ಒಲವು ಇದೆ ಎಂದಾಯಿತಲ್ಲವೆ? 'ನೀನು ಯಾರು' ಎಂಬ ಪ್ರಶ್ನೆ ಇನ್ನೂ ಪೂರ್ತಿ ಹೋಗಿಲ್ಲ.

ನಾಟಕವಾಗಿ 'ಶೂದ್ರ ತಪಸ್ವಿ'ಯ ದೌರ್ಬಲ್ಯವೂ ಇಲ್ಲಿಯೇ ಇದೆ. ಪವಾಡ ನಡೆದು ಸಂಕಟ ಬಗೆಹರಿಯುವುದರಿಂದ ರಾಮ ನಿಜವಾಗಿ ಆಯ್ಕೆ ಮಾಡಬೇಕಾದ ಗಳಿಗೆ ಬರುವುದೇ ಇಲ್ಲ. ಅದರ ಪಕ್ಕದಲ್ಲಿ ಕಾರ್ನಾಡರ 'ತುಘಲಕ್' (1964) ಇಟ್ಟು ನೋಡಿ. ಅಲ್ಲಿ ಪವಾಡವಿಲ್ಲ. ತನ್ನ ವಜೀರನನ್ನು ಕೊಲ್ಲಿಸಿದವಳು ಎಂದು ಗೊತ್ತಾದಾಗ ಸುಲ್ತಾನ ಮಲತಾಯಿಯನ್ನೇ ಕಲ್ಲು ಹೊಡೆಸಿ ಸಾಯಿಸುವ ಆಜ್ಞೆ ಕೊಡುತ್ತಾನೆ. ಅದೇ ಸುಲ್ತಾನ ನಾಟಕದ ಕೊನೆಯಲ್ಲಿ, ಮೋಸವನ್ನೇ ಕಸುಬಾಗಿಸಿಕೊಂಡ, ಕೊಲೆಗೂ ಹೇಸದ ಅಜೀಜನ ಕಥೆಯನ್ನು ಕೇಳಿ ಅವನಿಗೆ ಹುದ್ದೆ ಕೊಡುತ್ತಾನೆ. ತಾಯಿಗೆ ಇಲ್ಲದ ಕ್ಷಮೆ ವಂಚಕನಿಗೆ ಏಕೆ? ನಾಟಕದೊಳಗೆ ಕಾರಣಗಳಿವೆ, ಆದರೆ ನ್ಯಾಯದ ಅಳತೆಯಲ್ಲಿ ಉತ್ತರವಿಲ್ಲ. ಸಾಯಿಸುವ ಅಧಿಕಾರ ಮತ್ತು ಕ್ಷಮಿಸುವ ಅಧಿಕಾರ ಎರಡೂ ಒಂದೇ ಮನಸ್ಸಿನಲ್ಲಿದ್ದಾಗ ಆ ಮನಸ್ಸಿನ ದಿನದಿನದ ಏರಿಳಿತವೇ ಕಾನೂನಾಗುತ್ತದೆ.

ಇಷ್ಟು ಹೇಳುವಾಗ ಒಂದು ಬಲವಾದ ತಕರಾರನ್ನು ಮರೆಯುವಂತಿಲ್ಲ. ನಮ್ಮ ಬಳಗದಲ್ಲೇ ಇಬ್ಬರು ಇದನ್ನು ಎತ್ತಿದರು. ಕವಿಗಳೆಲ್ಲ ಶಿಕ್ಷೆಗೆ ಗುರಿಯಾದವನ ಕಡೆಗೇ ನೋಡುತ್ತೀರಲ್ಲ, ಸತ್ತವರ ಮನೆಯವರ ಕಡೆಗೆ ನೋಡುವವರು ಯಾರು ಎಂದು ಅವರ ಪ್ರಶ್ನೆ. ಇದು ನ್ಯಾಯವಾದ ಮಾತು. ಕನ್ನಡದಲ್ಲಿ ಇದಕ್ಕೆ ಮುಖಾಮುಖಿಯಾಗುವ ಕೃತಿ ಕುವೆಂಪು ಅವರದೇ 'ಬೆರಳ್‌ಗೆ ಕೊರಳ್' (1947). ಏಕಲವ್ಯ ಹೆಬ್ಬೆರಳನ್ನು ಕೊಟ್ಟು ಸುಮ್ಮನಾಗಬಲ್ಲ, ಅವನ ತಾಯಿ ಆಗಲಾರಳು. ಮಗನ ಬೆರಳು ಕೇಳಿದವರ ಕೊರಳು ಹೋಗಲಿ ಎಂಬುದು ಅವಳ ಶಾಪ. ಬೆರಳಿಗೂ ಕೊರಳಿಗೂ ತೂಕ ಸರಿಹೋಗುವುದಿಲ್ಲ, ನಿಜ. ಆದರೆ ಆ ತಾಯಿಯ ಎದುರಿಗೆ ನಿಂತು ತಕ್ಕಡಿ ಹಿಡಿಯುವ ಧೈರ್ಯ ಯಾರಿಗಿದೆ? ಕುವೆಂಪು ಅವಳ ಸಿಟ್ಟನ್ನು ಕಿರಿದು ಮಾಡುವುದಿಲ್ಲ, ಅವಳಿಗೆ ಉಪದೇಶ ಹೇಳುವುದಿಲ್ಲ. ನಾಟಕದ ದೊಡ್ಡತನ ಅಲ್ಲಿದೆ.

ಇದಕ್ಕೆ ಎದುರಾಗಿ ಹಲವರು ಭಾಗವತದ ದ್ರೌಪದಿಯನ್ನು ತರುತ್ತಾರೆ. ಮಲಗಿದ್ದ ಐವರು ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಕಟ್ಟಿ ತಂದಾಗ, ಅವನ ತಾಯಿಯೂ ನನ್ನ ಹಾಗೆ ಅಳುವುದು ಬೇಡ ಎಂದು ಅವಳು ಬಿಡಿಸುತ್ತಾಳೆ. ಓದಿದಾಗಲೆಲ್ಲ ಮೈ ಜುಮ್ಮೆನ್ನುವ ಪ್ರಸಂಗ. ಆದರೂ ಅದನ್ನು ಪ್ರತಿ ತಾಯಿಯ ಮೇಲೆ ಕರ್ತವ್ಯವಾಗಿ ಹೇರುವುದು ಕ್ರೌರ್ಯ ಎಂದೇ ನಮ್ಮ ಅಭಿಪ್ರಾಯ. ಕ್ಷಮಿಸು ಎಂದು ಕೇಳುವ ಹಕ್ಕು ನೋವುಣ್ಣದವರಿಗೆ ಇಲ್ಲ. ಏಕಲವ್ಯನ ತಾಯಿಗೆ ಕೊರಳು ಕೇಳುವ ಹಕ್ಕಿದೆ, ದ್ರೌಪದಿಗೆ ಬಿಡಿಸುವ ಹಕ್ಕಿದೆ. ಆದರೆ ಸರ್ಕಾರ ಆ ತಾಯಿಯೂ ಅಲ್ಲ, ಈ ತಾಯಿಯೂ ಅಲ್ಲ. ಅದು ತಣ್ಣನೆಯ ತಲೆಯಿಂದ, ದಿನಾಂಕ ಗೊತ್ತುಮಾಡಿ, ಹಗ್ಗದ ಉದ್ದ ಲೆಕ್ಕ ಹಾಕಿ ಕೊಲ್ಲುತ್ತದೆ. ತಾಯಿಯ ಶಾಪದಲ್ಲಿರುವ ಬಿಸಿ ಅದರಲ್ಲಿ ಇಲ್ಲವಾದ ಮೇಲೆ, ತಾಯಿಯ ಹೆಸರು ಹೇಳಿ ಅದನ್ನು ಸಮರ್ಥಿಸುವುದು ಸರಿಯಾಗಲಾರದು.

ಹಾಗಾದರೆ ಕೊಲ್ಲುವವನಿಗೆ ಏನಾಗುತ್ತದೆ? ಆರ್ವೆಲ್ 1931ರಲ್ಲಿ ಪ್ರಕಟಿಸಿದ, ಬರ್ಮಾದ ಜೈಲೊಂದರ ಗಲ್ಲಿನ ಬಗೆಗಿನ ಪುಟ್ಟ ಬರಹ ಈ ಪ್ರಶ್ನೆಯನ್ನು ಹಿಡಿಯುತ್ತದೆ. ಗಲ್ಲುಗಂಬದ ಕಡೆಗೆ ನಡೆಯುತ್ತಿರುವ ಹಿಂದೂ ಕೈದಿ ದಾರಿಯಲ್ಲಿ ನೀರು ನಿಂತ ಗುಂಡಿ ಕಂಡು ಕಾಲು ಒದ್ದೆಯಾಗದಂತೆ ಪಕ್ಕಕ್ಕೆ ಸರಿಯುತ್ತಾನೆ. ಅವನು ಮಾಡಿದ ಅಪರಾಧ ಯಾವುದೆಂದು ಬರಹ ಹೇಳುವುದೇ ಇಲ್ಲ. ಎಲ್ಲ ಮುಗಿದ ಮೇಲೆ ಅಧಿಕಾರಿಗಳು ಜೋರಾಗಿ ನಗುತ್ತಾರೆ, ಒಟ್ಟಿಗೆ ವಿಸ್ಕಿ ಕುಡಿಯುತ್ತಾರೆ. ಆ ನಗೆ ಗುಂಡಿಯ ನೀರಿಗಿಂತ ಹೆಚ್ಚು ಕಾಡುತ್ತದೆ. 1957ರಲ್ಲಿ ಗಿಲೊಟಿನ್ ಬಗ್ಗೆ ಬರೆದ ಪ್ರಬಂಧದಲ್ಲಿ ಕಾಮೂ ತನ್ನ ತಂದೆಯ ಕಥೆ ಹೇಳುತ್ತಾನೆ. ಮಕ್ಕಳನ್ನೂ ಬಿಡದೆ ಒಂದು ಸಂಸಾರವನ್ನೇ ಕೊಂದವನಿಗೆ ಶಿಕ್ಷೆಯಾಗುವುದನ್ನು ನೋಡಲು ತಂದೆ ಉತ್ಸಾಹದಿಂದಲೇ ಹೋದರಂತೆ, ಮನೆಗೆ ಬಂದು ವಾಂತಿ ಮಾಡಿಕೊಂಡರಂತೆ, ಆ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ವಾದ ಒಪ್ಪಿದ್ದನ್ನು ಹೊಟ್ಟೆ ಒಪ್ಪಲಿಲ್ಲ.

ಈ ಇಬ್ಬರಿಗಿಂತ ಏಳು ಶತಮಾನ ಮೊದಲು ನಮ್ಮ ಜನ್ನ ಇನ್ನೂ ಆಳಕ್ಕೆ ಹೋಗಿದ್ದ ಎಂದರೆ ಅದು ಕನ್ನಡಾಭಿಮಾನದ ಮಾತಲ್ಲ. ಜನ್ನ ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಯಷ್ಟೇ ಆಗಿರಲಿಲ್ಲ, ಮಂತ್ರಿಯೂ ದಂಡಾಧೀಶನೂ ಆಗಿದ್ದ. ದಂಡದ ತೂಕ ಗೊತ್ತಿದ್ದವನು. 1209ರ 'ಯಶೋಧರ ಚರಿತೆ'ಯಲ್ಲಿ ಒಂದು ಪ್ರಸಂಗವಿದೆ. ಚಂಡಕರ್ಮನೆಂಬ ತಳಾರ, ಅಂದರೆ ಊರ ಕಾವಲಿನ ಅಧಿಕಾರಿ, ಅಕಂಪನ ಮುನಿಯ ಜೊತೆ ವಾದಕ್ಕೆ ಇಳಿಯುತ್ತಾನೆ. ದೇಹಕ್ಕಿಂತ ಬೇರೆಯಾದ ಜೀವ ಎಂಬುದು ಇಲ್ಲ, ಶಿಕ್ಷೆಗೆ ಒಳಗಾದ ಕಳ್ಳರ ದೇಹವನ್ನು ಕಡಿದು ನೋಡಿದ್ದೇನೆ, ಕೊಲ್ಲುವ ಮುಂಚೆ ಮತ್ತು ಆಮೇಲೆ ತೂಗಿ ನೋಡಿದ್ದೇನೆ, ಎಲ್ಲೂ ಸಿಗಲಿಲ್ಲ ಎಂಬುದು ಅವನ ವಾದದ ಸಾರ. ಸಾಮಾನ್ಯವಾಗಿ ಇದನ್ನು ಚಾರ್ವಾಕ ಮತ್ತು ಜೈನ ದರ್ಶನಗಳ ವಾದವೆಂದು ಓದಿ ಮುಂದಕ್ಕೆ ಹೋಗುತ್ತೇವೆ. ಒಂದು ಗಳಿಗೆ ನಿಂತು ನೋಡಿದರೆ, ಮನುಷ್ಯನನ್ನು ಕೊಲ್ಲುವುದು ಕಸುಬಾದಾಗ ಅದು ಎಂಥ ನಿರ್ವಿಕಾರ ಕೆಲಸವಾಗುತ್ತದೆ ಎಂಬುದರ ಚಿತ್ರ ಅಲ್ಲಿದೆ. ಚಂಡಕರ್ಮ ಕ್ರೂರಿಯ ಹಾಗೆ ಮಾತಾಡುವುದಿಲ್ಲ, ಕುತೂಹಲಿಯ ಹಾಗೆ ಮಾತಾಡುತ್ತಾನೆ. ಹೆಣ ಅವನಿಗೆ ಒಂದು ಪುರಾವೆ.

ಆ ಕಾವ್ಯದ ನಡುವಿನ ಚಿತ್ರವಂತೂ ಎಲ್ಲರಿಗೂ ಗೊತ್ತು. ಮಾವುತನ ಬಳಿ ಹೋದ ರಾಣಿ ಅಮೃತಮತಿಯನ್ನು ಕಣ್ಣಾರೆ ಕಂಡ ಯಶೋಧರ ಕತ್ತಿ ಎತ್ತುತ್ತಾನೆ, ಆದರೆ ಹೊಡೆಯದೆ ಹಿಂತಿರುಗುತ್ತಾನೆ. ರಾಜನಾಗಿ ಅವನಿಗೆ ಅಧಿಕಾರವಿತ್ತು, ಗಂಡನಾಗಿ ಸಿಟ್ಟೂ ಇತ್ತು, ಆದರೂ ಕೈ ತಡೆಯಿತು. ಅಷ್ಟು ತಡೆದವನು ತಾಯಿಯ ಒತ್ತಾಯಕ್ಕೆ ಮಣಿದು ದೇವಿಗೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕತ್ತಿ ತಾಗಿದೊಡನೆ ಹಿಟ್ಟು ಕೂಗುತ್ತದೆ. ನಿಜವಾದ ಜೀವ ಹೋಗಲಿಲ್ಲ, ಆದರೆ ಕೊಲ್ಲುವ ಸಂಕಲ್ಪ ಆಯಿತು, ಅದೂ ಹಿಂಸೆಯೇ ಎಂದು ಜನ್ನನ ನಿಲುವು.

ಇಂದು ಈ ಚಿತ್ರ ನಮ್ಮ ಕಡೆಗೇ ಬೆರಳು ಮಾಡುತ್ತದೆ. ನಮ್ಮಲ್ಲಿ ಯಾರೂ ಹಗ್ಗ ಎಳೆಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ನಾವು ಮಾಡುವುದು ಮತಪತ್ರದಲ್ಲಿ ಒಂದು ಗುರುತು, 'ಗಲ್ಲಿಗೇರಿಸಿ' ಎಂಬ ಮನವಿಗೆ ಒಂದು ಸಹಿ, ಸುದ್ದಿ ಕೇಳಿದಾಗ 'ಒಳ್ಳೇದಾಯ್ತು' ಎಂಬ ಒಂದು ಮಾತು. ಎಲ್ಲವೂ ಹಿಟ್ಟಿನ ಕೋಳಿಗಳೇ. 2020ರ ಮಾರ್ಚ್ 20ರ ಬೆಳಗಿನ ಜಾವ ತಿಹಾರ್ ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದಾಗ ಜೈಲಿನ ಹೊರಗೆ ಜನ ಸೇರಿ ಸಂಭ್ರಮಿಸಿದರು. ಆ ನಾಲ್ವರ ಅಪರಾಧ ಎಂಥದೆಂದು ಎಲ್ಲರಿಗೂ ಗೊತ್ತು, ಅದನ್ನು ಹಗುರ ಮಾಡುವ ಉದ್ದೇಶ ನಮಗಿಲ್ಲ. ಆ ಹುಡುಗಿಯ ತಾಯಿ ತಂದೆಯ ಬಗ್ಗೆಯೂ ನಮ್ಮ ಮಾತಲ್ಲ. ಉಳಿದವರ ಸಂಭ್ರಮ ಯಾವ ಜಾತಿಯದು ಎಂದು ಜನ್ನ ನಮ್ಮನ್ನು ಕೇಳುತ್ತಾನೆ.

ಜನ್ನನನ್ನು ಹೊಗಳಿ ಬಿಟ್ಟರೆ ಅರ್ಧ ವಿಮರ್ಶೆಯಾದೀತು. ಹಿಂಸೆ ಬೇಡ ಎನ್ನುವ ಈ ಕಾವ್ಯದಲ್ಲಿ ಶಿಕ್ಷೆಗೇನೂ ಕೊರತೆಯಿಲ್ಲ. ಒಂದು ಹಿಟ್ಟಿನ ಕೋಳಿಗಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು, ಕೋಳಿ ಎಂದು ಜನ್ಮಜನ್ಮಕ್ಕೂ ಕೊಲ್ಲಿಸಿಕೊಳ್ಳುತ್ತಾರೆ. ಅಮೃತಮತಿಗೆ ನರಕ. ಕರ್ಮದ ಕೋರ್ಟಿನಲ್ಲಿ ಮೇಲ್ಮನವಿಯೂ ಇಲ್ಲ, ಕ್ಷಮಾದಾನವೂ ಇಲ್ಲ. ರಾಜನ ಕೈಯಿಂದ ಕತ್ತಿಯನ್ನು ಕಸಿದುಕೊಂಡ ಕವಿ ಅದನ್ನು ವಿಧಿಯ ಕೈಗೆ ಕೊಟ್ಟನೇ ಎಂದು ಅನುಮಾನ ಬರುತ್ತದೆ. ಅಮೃತಮತಿಯ ಮಾತನ್ನು ಯಾರೂ ಪೂರ್ತಿ ಕೇಳಲಿಲ್ಲ ಎಂಬ ಅತೃಪ್ತಿಯೇ ಕಾರ್ನಾಡರನ್ನು 'ಹಿಟ್ಟಿನ ಹುಂಜ' (1980) ಬರೆಯಲು ಹಚ್ಚಿರಬಹುದು. ಅಲ್ಲಿ ರಾಣಿಗೂ ತನ್ನ ಮಾತಿದೆ.

ಪೂರ್ತಿ ಮಾತು ಕೇಳುವುದು ಎಂಬಲ್ಲಿಗೆ ಸಾಹಿತ್ಯ ಮತ್ತು ಕಾನೂನು ಒಂದೇ ಬಾಗಿಲಿಗೆ ಬರುತ್ತವೆ. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟು ಮರಣದಂಡನೆಯನ್ನು ಉಳಿಸಿಕೊಂಡಿತು, ಆದರೆ 'ಅಪರೂಪದಲ್ಲಿ ಅಪರೂಪ'ದ ಪ್ರಕರಣಕ್ಕೆ ಮಾತ್ರ ಎಂದಿತು. ಅಪರಾಧವನ್ನಷ್ಟೇ ನೋಡಿದರೆ ಸಾಲದು, ಅಪರಾಧಿಯನ್ನೂ ನೋಡಬೇಕು ಎಂದಿತು. ಅಮೆರಿಕದ ಸುಪ್ರೀಂ ಕೋರ್ಟು 1976ರ ವುಡ್‌ಸನ್ ಪ್ರಕರಣದಲ್ಲಿ, ಇಂಥ ಅಪರಾಧಕ್ಕೆ ಕಡ್ಡಾಯವಾಗಿ ಸಾವೇ ಎಂಬ ಕಾನೂನನ್ನು ತಳ್ಳಿಹಾಕಿದ್ದೂ ಇದೇ ದಾರಿಯಲ್ಲಿ. 2022ರಲ್ಲಿ ಭಾರತದ ಸುಪ್ರೀಂ ಕೋರ್ಟು ಮನೋಜ್ ಪ್ರಕರಣದಲ್ಲಿ ಅಪರಾಧಿಯ ಬದುಕಿನ ವಿವರಗಳನ್ನು ಮೊದಲಿಂದಲೇ ಕಲೆಹಾಕಿ ಕೋರ್ಟಿನ ಮುಂದಿಡಬೇಕೆಂದು ಹೇಳಿತು. ಒಬ್ಬ ಮನುಷ್ಯ ಎಲ್ಲಿ ಹುಟ್ಟಿದ, ಏನುಂಡ, ಯಾರಿಂದ ಹೊಡೆಸಿಕೊಂಡ, ಯಾರನ್ನು ಪ್ರೀತಿಸಿದ ಎಂಬುದನ್ನೆಲ್ಲ ಬರೆಯುವುದು ಕಾದಂಬರಿಕಾರನ ಕೆಲಸ ತಾನೆ? ಒಳ್ಳೆಯ ಕಾದಂಬರಿ ಓದಿದ ಮೇಲೆ ಅದರ ಪಾತ್ರವನ್ನು 'ಇವನು ಇಷ್ಟೇ' ಎಂದು ಮುಗಿಸಲು ಆಗುವುದಿಲ್ಲ. ಕೋರ್ಟು ಮಾತ್ರ ಮುಗಿಸಲೇಬೇಕು. ಬಚನ್ ಸಿಂಗ್ ಪ್ರಕರಣದಲ್ಲಿ ಭಿನ್ನ ತೀರ್ಪು ಕೊಟ್ಟ ನ್ಯಾಯಮೂರ್ತಿ ಭಗವತಿಯವರು, ಯಾರು ಸಾಯುತ್ತಾರೆ ಯಾರು ಉಳಿಯುತ್ತಾರೆ ಎಂಬುದು ಪೀಠದಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ ನಿಂತಿದೆ ಎಂಬ ಆತಂಕವನ್ನು ಮುಂದಿಟ್ಟರು. ಅದಕ್ಕೂ ಮೊದಲು, 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಮರಣದಂಡನೆಯನ್ನೇ ತೆಗೆದುಹಾಕುವುದು ಮೇಲು ಎಂಬ ಒಲವು ತೋರಿದ್ದರು. 2015ರಲ್ಲಿ ಕಾನೂನು ಆಯೋಗ ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧದ ಪ್ರಕರಣಗಳನ್ನು ಬಿಟ್ಟು ಉಳಿದೆಲ್ಲಕ್ಕೂ ರದ್ದತಿಯನ್ನು ಶಿಫಾರಸು ಮಾಡಿತು. ಕಾನೂನು ಇನ್ನೂ ಬದಲಾಗಿಲ್ಲ.

ಕನ್ನಡದ ಒಂದು ಕೊರತೆಯನ್ನೂ ಹೇಳಬೇಕು. ನಮ್ಮ ಈ ಕೃತಿಗಳೆಲ್ಲ ಪುರಾಣ, ಇತಿಹಾಸಗಳ ಮರೆಯಲ್ಲಿ ನಿಂತು ಮಾತಾಡುತ್ತವೆ. ಇಂದಿನ ಜೈಲು, ಇಂದಿನ ಹಗ್ಗ, ಇಂದಿನ ಕ್ಯಾಮೆರಾಗಳ ನಡುವೆ ಕಥೆ ಕಟ್ಟಿದ್ದಕ್ಕೆ ನಾವು ಮಲಯಾಳದ ಕೆ.ಆರ್. ಮೀರಾ ಅವರ 'ಆರಾಚಾರ್' (2012) ಕಡೆಗೆ ಹೋಗಬೇಕಾಯಿತು. ಕೋಲ್ಕತ್ತಾದ ಗಲ್ಲಿಗೇರಿಸುವವರ ಮನೆತನದ ಹೆಣ್ಣುಮಗಳು ಚೇತನಾ ಆ ಕೆಲಸಕ್ಕೆ ಬರುವ ಕಥೆ. ಟಿ.ವಿ. ವಾಹಿನಿಗೆ ಅದೊಂದು ಕಾರ್ಯಕ್ರಮ. ಕೊಲ್ಲುವವಳೂ ಬಡವಿ, ಸಾಯುವವನೂ ಬಡವ, ನೋಡುವವರು ಮಾತ್ರ ಆರಾಮಾಗಿ ಕೂತವರು. ಇಂಥ ಕಾದಂಬರಿ ಕನ್ನಡದಲ್ಲಿ ಬರಬೇಕು ಎಂಬುದು ನಮ್ಮ ಆಸೆ.

ಇಷ್ಟೆಲ್ಲ ಓದಿ ನಮ್ಮ ಬಳಗ ಒಮ್ಮತಕ್ಕೆ ಬಂತೆ? ಇಲ್ಲ. ತಕರಾರು ಎತ್ತಿದ ಆ ಇಬ್ಬರು ಮಿತ್ರರು ಕೆಲವು ಅಪರಾಧಗಳಿಗೆ ಬೇರೆ ಶಿಕ್ಷೆಯೇ ಇಲ್ಲ ಎಂಬ ನಿಲುವಿನಲ್ಲಿ ಉಳಿದಿದ್ದಾರೆ. ಉಳಿದ ನಾವು ಬೇಡ ಎನ್ನುವ ಕಡೆಗೆ ಇನ್ನಷ್ಟು ಗಟ್ಟಿಯಾಗಿದ್ದೇವೆ. ಆದರೆ ಒಂದು ಮಾತಿಗೆ ಎಲ್ಲರೂ ಒಪ್ಪಿದೆವು. ಕೋರ್ಟಿನಲ್ಲಿ ಆ ಪ್ರಶ್ನೆ ಕೇಳಿದಾಗ, ಕೆಲಸಕ್ಕೆ ರಜೆ ಹಾಕುವ ತಾಪತ್ರಯ ತಪ್ಪಲೆಂದು ಬಾಯಿಗೆ ಬಂದ ಉತ್ತರ ಕೊಟ್ಟು ಹೊರಗೆ ಬರುವುದು ಸಲ್ಲದು. ಮತ ಹಾಕುವಾಗಲೂ ಅಷ್ಟೆ. ಮುಂದಿನ ಬಾರಿ ಸೇರುವಾಗ 'ಯಶೋಧರ ಚರಿತೆ'ಯ ಹೊಸಗನ್ನಡ ಗದ್ಯಾನುವಾದ ಯಾರ ಬಳಿಯಾದರೂ ಇದ್ದರೆ ತನ್ನಿ. ಚಂಡಕರ್ಮನ ಪ್ರಸಂಗವನ್ನು ಒಟ್ಟಿಗೆ ಕೂತು ಓದೋಣ.